ಎಂಟನೇ ನಂಬರ್ ಶೂ

“ಜ್ವರ, ಹಲ್ಲುನೋವು, ಎಲ್ಲಾದ್ರೂ ಗಾಯ?” ಡಾಕ್ಟರ್ ಹಮೀದಾ ಕನ್ನಡಕದ ಮೇಲಿಂದ ನೋಡಿದರು.

“ಏನೂ ಇಲ್ಲ ಮೇಡಂ,” ಎಂದ ಮುನಿರಾಜಪ್ಪ ಪಕ್ಕದಲ್ಲಿ ಕೂತ ಸೊಸೆ ಪೂಜಿತಾಳನ್ನು ಓರೆಗಣ್ಣಲ್ಲಿ ನೋಡಿ, ಎರಡೂ ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡರು.

ಮೆಟ್ಟಿಲು ಹತ್ತಿದರೆ ಎದೆ ಹಿಂಡುವ ಕಾಯಿಲೆ ವರ್ಷದಿಂದ ಇತ್ತು, ಮಾತ್ರೆಗೆ ಬಗ್ಗಿತ್ತು. ಈ ಸಲ ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ವಿಪರೀತ ಏರಿತ್ತು.

“ಎದೆನೋವಿನೋರಿಗೆ ಇದು ಏರಿದ್ರೆ ಹಾರ್ಟ್ ಅಟ್ಯಾಕ್ ಭಯ ಜಾಸ್ತಿ. ಬೇರೆ ಕಾರಣ ಸಿಗ್ಲಿಲ್ಲ ಅಂದ್ರೆ ಅಡ್ಮಿಟ್ ಆಗಿ, ಆಂಜಿಯೋಗ್ರಾಂ ಮಾಡಿಬಿಡೋಣ. ಮೊದಲು ಇಸಿಜಿ.”

ಮದುವೆಮನೆಗಳಲ್ಲಿ ಪುರೋಹಿತರಿಂದ ಬಸ್ ಕಂಡಕ್ಟರ್‌ವರೆಗೆ ಎಲ್ಲರ ದನಿ ಅನುಕರಿಸಿ ನಗಿಸುತ್ತಿದ್ದ ಮುನಿರಾಜಪ್ಪ ಈಗ ಕುಂಟದಂತೆ ಹುಷಾರಾಗಿ ಎದ್ದರು.

ಪೂಜಿತಾ ಹೊರಗೇ ಉಳಿದಳು. ಇಸಿಜಿ ಕೋಣೆಯಲ್ಲಿ ಟೆಕ್ನಿಷಿಯನ್ ಹಾಶಿಮ್, “ಶೂ, ಸಾಕ್ಸ್ ತೆಗೀರಿ ಅಂಕಲ್. ಕಾಲಿಗೂ ಕ್ಲಿಪ್ ಹಾಕ್ಬೇಕು,” ಎಂದ.

“ಎದೆ ನೋಡೋಕೆ ಕಾಲ್ಯಾಕಪ್ಪ?”

“ಮಿಷಿನ್ ಕೇಳ್ತದೆ ಅಂಕಲ್.”

ಸಾಕ್ಸ್ ಹಿಮ್ಮಡಿಗೆ ಅಂಟಿಕೊಂಡಿತ್ತು. ಎಳೆದಾಗ “ಅಮ್ಮಾ” ಎಂದರು; ಈ ದನಿ ಮಾತ್ರ ಸ್ವಂತದ್ದು. ಹಿಮ್ಮಡಿ ಕೆಂಪಗೆ ಊದಿ ಕೀವು ತುಂಬಿತ್ತು. ಹಾಶಿಮ್ ಡಾಕ್ಟರನ್ನು ಕರೆದ.

“ಇದನ್ಯಾಕ್ರೀ ಮುಚ್ಚಿಟ್ರಿ? ರಕ್ತದಲ್ಲಿ ಕೂಗಿದ್ದು ಹೃದಯ ಅಲ್ಲ, ಈ ಹಿಮ್ಮಡಿ ಇರ್ಬೇಕು.”

ಮುನಿರಾಜಪ್ಪ ದನಿ ತಗ್ಗಿಸಿದರು. “ವಾಕಿಂಗ್ ಮಾಡಿ ಅಂದ್ರಿ. ಸೊಸೆ ಆಸೆಪಟ್ಟು ಶೂ ತಂದ್ಲು. ನನ್ನ ಕಾಲು ಒಂಬತ್ತು, ಶೂ ಎಂಟು. ಹೆಂಗ್ ಹೇಳೋದು ಮೇಡಂ?”

ಅಷ್ಟರಲ್ಲಿ ಬಾಗಿಲಿಗೆ ಬಂದ ಪೂಜಿತಾ ಎಲ್ಲ ಕೇಳಿಸಿಕೊಂಡಿದ್ದಳು. “ಬದಲಾಯಿಸ್ಕೊಂಡು ಬರ್ತಿದ್ನಲ್ಲ ಮಾವ,” ಎಂದಳು. “ನಾನು ಹೊರಗೆ ಇರೋಬರೋ ದೇವ್ರಿಗೆಲ್ಲ ಹರಕೆ ಹೊತ್ಕೊಂಡು ಕೂತಿದ್ದೀನಿ.”

ಇಸಿಜಿಯಲ್ಲಿ ಹೊಸದೇನೂ ಕಾಣಲಿಲ್ಲ. ಡಾಕ್ಟರ್ ಗಾಯ ತೊಳೆಸಿ, ಮಾತ್ರೆ ಬರೆದು, ಎದೆನೋವು ಹೆಚ್ಚಾದರೆ ತಕ್ಷಣ ಬನ್ನಿ, ಇಲ್ಲದಿದ್ದರೆ ಗಾಯ ಮಾಯ್ದ ಮೇಲೆ ರಕ್ತ ಮತ್ತೆ ನೋಡೋಣ ಎಂದರು.

ಮರುಪರೀಕ್ಷೆಯಲ್ಲಿ ಸಿಆರ್‌ಪಿ ತಣ್ಣಗೆ ಕೆಳಗೆ ಕೂತಿತ್ತು. “ಎದೆಯ ಮಾತ್ರೆ ಬಿಡ್ಬೇಡಿ. ಅಡ್ಮಿಟ್ ಬೇಡ,” ಎಂದರು ಡಾಕ್ಟರ್.

ಹಲಸೂರು ಕೆರೆ ದಾಟುವಾಗ ಆಟೋದಲ್ಲಿ ಮುನಿರಾಜಪ್ಪ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದರು. “ಜ್ವರ, ಹಲ್ಲುನೋವು, ಎಲ್ಲಾದ್ರೂ ಗಾಯ?” ಥೇಟ್ ಹಮೀದಾ ಮೇಡಂ. ಪೂಜಿತಾ ನಕ್ಕೂ ನಕ್ಕೂ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಮರ್ಫಿ ಟೌನಿನ ಮನೆಬಾಗಿಲಲ್ಲಿ ಎಂಟನೇ ನಂಬರ್ ಶೂ ಜೋಡಿ ಇನ್ನೂ ಇತ್ತು. ಒಂದರೊಳಗೆ ಬೀದಿಬೆಕ್ಕಿನ ಮರಿ ಅಳತೆ ಕೊಟ್ಟು ಹೊಲಿಸಿದಂತೆ ಮುದುಡಿ ಮಲಗಿತ್ತು. ಮುನಿರಾಜಪ್ಪ ಸದ್ದಾಗದಂತೆ ಚಪ್ಪಲಿ ಬಿಟ್ಟು ಒಳಗೆ ಹೋದರು.