ಬಲಗಡೆ ಕಿಟಕಿ

ಭಾನುವಾರ ಬೆಳಗಾದರೆ ಗೋವಿಂದರಾಜನಗರದ ಆ ಮಹಡಿಯ ಮೇಲೆ ನಾಲ್ಕು ತಲೆಗಳು ಒಟ್ಟಿಗೇ ಆಕಾಶದತ್ತ ಮೇಲೇಳುವುದನ್ನು ಅಕ್ಕಪಕ್ಕದವರು ನೋಡಿ ನೋಡಿ, ಈಗ ಅದನ್ನೊಂದು ಸುದ್ದಿಯೆಂದು ಮಾತಾಡುವುದನ್ನೂ ಬಿಟ್ಟಿದ್ದರು. ಮೊದಮೊದಲು ಪಾರಿವಾಳ ಸಾಕುವವರೆಂದುಕೊಂಡಿದ್ದರಂತೆ. ಮನೆಯ ಒಡತಿ ಮುನಿತಾಯಮ್ಮನೇ ಕೇಳಿದವರಿಗೆಲ್ಲ ಹೇಳಿ ಸರಿಪಡಿಸಿದ್ದಳು: "ಪಾರಿವಾಳ ಅಲ್ಲ ಕಣಮ್ಮಾ, ಇಮಾನ ನೋಡ್ತಾರೆ. ಯಾರಿಗೂ ತೊಂದ್ರೆ ಇಲ್ಲ, ನೋಡ್ಕಂಡು ಹೋಗ್ಲಿ."

ಮಹಡಿಯ ಮೇಲಿನ ಒಂಟಿ ಕೋಣೆ ವೆಂಕಟಗಿರಿಯವರದು. ಕಾಲೇಜೊಂದರ ಆಫೀಸಿನಲ್ಲಿದ್ದು ಈ ಬೇಸಿಗೆಯಲ್ಲಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ತಾಯಿ ಹೋದಮೇಲೆ ಕೆಳಗಿನ ದೊಡ್ಡ ಮನೆ ಬಿಟ್ಟು ಇಲ್ಲಿಗೆ ಹತ್ತಿ ಬಂದಿದ್ದರು. ಆಕಾಶ ಹತ್ತಿರವಾಯಿತು ಎಂದು ನಗುತ್ತಾ ಹೇಳಿಕೊಳ್ಳುತ್ತಿದ್ದರು. ಭಾನುವಾರ ಬರುತ್ತಿದ್ದವರು ಮೂರು ಜನ. ಕಾಮಾಕ್ಷಿಪಾಳ್ಯದಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿದ್ದ ಮಧುಕುಮಾರ್, ಬಸವೇಶ್ವರನಗರದ ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದ ಜಲಜಾ, ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಸುಘೋಷ್. ಪರಿಚಯವಾದದ್ದು ಯಲಹಂಕದ ವೈಮಾನಿಕ ಪ್ರದರ್ಶನದ ನೂಕುನುಗ್ಗಲಲ್ಲಿ, ಒಂದೇ ಕೊಡೆಯ ಕೆಳಗೆ.

ಅವರ ಆಟಕ್ಕೆ ಒಂದೇ ಕಟ್ಟಳೆ. ಮೊದಲು ಕಿವಿ, ಆಮೇಲೆ ಫೋನು. ಸದ್ದಿನಿಂದಲೇ ಯಾವ ವಿಮಾನವೆಂದು ಹೇಳಿ, ಆಮೇಲೆ ವಿಮಾನಗಳ ಜಾಡು ತೋರಿಸುವ ಆ್ಯಪ್‌ನಲ್ಲಿ ತಾಳೆ ನೋಡಬೇಕು.

"ಬಂತು. ಯಾರೂ ಫೋನ್ ತೆಗೀಬೇಡಿ," ಎಂದು ವೆಂಕಟಗಿರಿ ಆ ಭಾನುವಾರವೂ ಕಣ್ಣು ಮುಚ್ಚಿದರು. "ಎಟಿಆರ್ ಇದು, ಚಿಕ್ಕ ಫ್ಯಾನಿನ ಪ್ಲೇನು. ಫ್ಯಾನ್ ತಿರುಗೋ ಸದ್ದು ಕೇಳಿ, ಪಕ್ಕದ ಮನೇಲಿ ಚಟ್ನಿ ರುಬ್ಬಿದ ಹಾಗೆ."

ಸುಘೋಷ್ ಫೋನು ನೋಡಿದ. "ಕರೆಕ್ಟ್ ಅಂಕಲ್. ಎಟಿಆರೇ."

"ಪಕ್ಕದ ಮನೇಲಿ ಚಟ್ನಿನೂ ರುಬ್ತಾ ಇದಾರೆ," ಎಂದ ಮಧುಕುಮಾರ್. "ಎರಡರಲ್ಲಿ ಯಾವುದಕ್ಕೆ ಹೇಳಿದ್ರೋ ದೇವರಿಗೇ ಗೊತ್ತು. ಅಲ್ಲ ಸಾರ್, ಎರಡನೇ ಏರ್‌ಪೋರ್ಟು ನೆಲಮಂಗಲದ ಕಡೆ ಅಂತಾರೆ, ಕನಕಪುರ ರೋಡ್ ಅಂತಾರೆ. ಯಾವುದು ಗಟ್ಟಿ?"

"ನಿಮ್ಮ ಭಾವ ಸೈಟ್ ತಗೊಂಡಿರೋ ಕಡೆ ಮಾತ್ರ ಬರಲ್ಲ, ಅದು ಗಟ್ಟಿ," ಎಂದಳು ಜಲಜಾ.

"ಹೊಟ್ಟೆ ಉರಿಸ್ಬೇಡಿ ಮೇಡಂ. ಆಮೇಲೆ ನಮ್ಮ ಮೆಟ್ರೋ ರೇಟು ಏರಿತಲ್ಲ, ಆ ಆ್ಯಂಗಲ್‌ನಲ್ಲಿ ಯಾವ ಜೆಟ್ ಟೇಕಾಫ್ ಆಗುತ್ತೆ ಹೇಳಿ ನೋಡೋಣ."

"ಫೈಟರೇ ಬೇಕು," ಎಂದ ಸುಘೋಷ್. "ಟರ್ಬುಲೆನ್ಸ್ ಬೇಕು ಅಂದ್ರೆ ಮಾಗಡಿ ರೋಡಿದೆ."

ಮಾತು ಹೀಗೆ ಗುಂಡಿ, ಕಸ, ಇ-ಖಾತಾ ಎಂದು ಸುತ್ತಿ ಮತ್ತೆ ಆಕಾಶಕ್ಕೇ ಬರುತ್ತಿತ್ತು. ಬಹಳ ಮಾತಾಡದೆ ಕೇಳುತ್ತಾ ಕೂರುವುದು ವೆಂಕಟಗಿರಿಯವರ ಸ್ವಭಾವ. ಕೇಳುವುದನ್ನು ಅವರಿಗೆ ಕಲಿಸಿದವಳು ತಾಯಿ. ದಿನವೂ ದೀಪ ಹಚ್ಚಿದ ಮೇಲೆ ಆಕೆ ರಾಗವಾಗಿ ಷಟ್ಪದಿ ಓದುತ್ತಿದ್ದಳು, ಇವರು ಗೋಡೆಗೊರಗಿ ಕೇಳುತ್ತಿದ್ದರು. ಆ ಕಥೆಗಳಲ್ಲಿ ವಿಮಾನವೇರಿ ಹೊರಟವರಿಗೆ ಕೆಳಗಿನದೆಲ್ಲ ಕಾಣುತ್ತಿತ್ತು. ಅದೋ ಆ ನದಿ, ಅದೋ ಆ ಆಶ್ರಮ, ಅದೋ ಅಲ್ಲಿ ಕೈ ಮುಗಿದು ನಿಂತ ಭಕ್ತ. ದೇವತೆಗಳು ಹೂ ಚೆಲ್ಲಿದರೆ ಚೆಲ್ಲಬೇಕಾದವನ ತಲೆಯ ಮೇಲೆಯೇ ಬೀಳುತ್ತಿತ್ತು.

ಅದರಿಂದಲೇ ಇರಬೇಕು, ಬಟ್ಟೆ ಹಾಸುವ ಪದ್ಧತಿ ಹುಟ್ಟಿದ್ದು. ಕೇರಳದ ಕಡೆಗೆ ಹೊರಟ ವಿಮಾನಗಳು ಇವರ ಮಹಡಿಯ ಸಮೀಪವೇ ಹಾದು ಹೋಗುತ್ತಿದ್ದವು. ಗುಂಪಿನವರು ಯಾರೇ ಆ ಕಡೆಗೆ ಹೋದರೂ ಬಲಗಡೆ ಕಿಟಕಿಯ ಸೀಟು ಹಿಡಿಯಬೇಕು. ವೆಂಕಟಗಿರಿ ಮಹಡಿಯ ಮೇಲೆ ಕೆಂಪು ಶಾಮಿಯಾನದ ಬಟ್ಟೆ ಹಾಸಿ, ಮೂಲೆಮೂಲೆಗೆ ಇಟ್ಟಿಗೆಯಿಟ್ಟು, ನಡುವೆ ನಿಂತು ಬಿಳಿ ಟವಲು ಬೀಸಬೇಕು. ಇಳಿದ ಮೇಲೆ ಅವರು ಫೋನು ಮಾಡಿ ಕಾಣಿಸಿತೆಂದು ಹೇಳಬೇಕು. ಎಲ್ಲರೂ ಹೇಳಿದ್ದರು. ಮಧುಕುಮಾರ್ ಶಬರಿಮಲೆಗೆ ಹೋಗುವಾಗ "ಕುಂಕುಮದ ಬೊಟ್ಟಿನ ಹಾಗೆ ಕಾಣಿಸ್ತು ಸಾರ್" ಎಂದಿದ್ದ. ಸಂಕ್ರಾಂತಿಯ ರಜೆಗೆ ಕೊಚ್ಚಿಗೆ ಹೋಗಿದ್ದ ಜಲಜಾ ಒಂದು ಹೆಜ್ಜೆ ಮುಂದೆ ಹೋಗಿ, "ನೀವು ಟವಲ್ ಬೀಸಿದ್ದೂ ಕಾಣಿಸ್ತು" ಎಂದಿದ್ದಳು.

ವೆಂಕಟಗಿರಿ ಮಾತ್ರ ಈವರೆಗೆ ವಿಮಾನ ಹತ್ತಿರಲಿಲ್ಲ.

ಅಂದು ಕಾಫಿ ಮುಗಿದಾಗ ಸುಘೋಷ್ ಫೋನನ್ನು ಅವರ ಮುಂದೆ ಹಿಡಿದ. "ಮೊನ್ನೆ ಆಧಾರ್ ಫೋಟೋ ಯಾಕೆ ಕೇಳಿದ್ದೆ ಅಂತ ಈಗ ನೋಡಿ ಅಂಕಲ್. ಕೊಚ್ಚಿಗೆ ಟಿಕೆಟ್. ಅಲ್ಲಿಂದ ಬಸ್ಸಲ್ಲಿ ಗುರುವಾಯೂರು. ನಿಮ್ಮಮ್ಮನ ಆಸೆ ಇತ್ತು ಅಂದಿದ್ರಲ್ಲ."

"ರಿಟೈರ್‌ಮೆಂಟ್ ಗಿಫ್ಟು, ಮೂರೂ ಜನದ್ದು," ಎಂದ ಮಧುಕುಮಾರ್. "ಬಲಗಡೆ ಕಿಟಕಿ. ಬೇಡ ಅನ್ನಂಗಿಲ್ಲ."

ವೆಂಕಟಗಿರಿ ಫೋನನ್ನು ಹತ್ತಿರಕ್ಕೂ ದೂರಕ್ಕೂ ಹಿಡಿದು ನೋಡಿದರು. ಕೊನೆಗೆ ಬಂದ ಮಾತು ಇಷ್ಟೇ: "ಹಾಗಾದ್ರೆ ಬಟ್ಟೆ ಹಾಸೋರು ಯಾರು?"

ಮೂವರೂ ನಕ್ಕರು. ನಗು ನಿಂತ ಮೇಲೆ ನೋಡಿದರೆ ಪ್ರಯಾಣ ಬುಧವಾರ. ಮಧುಕುಮಾರನಿಗೆ ಅಂದು ಮಾಲು ಕಳಿಸುವುದಿತ್ತು. ಸುಘೋಷನಿಗೆ ಆಫೀಸಿಗೆ ಹೋಗಲೇಬೇಕಾದ ದಿನ. ಇಬ್ಬರೂ ನೆಲ ನೋಡಿದರು.

"ನಾನು ಬರ್ತೀನಿ," ಎಂದಳು ಜಲಜಾ. "ಅರ್ಧ ದಿನ ರಜೆ ಹಾಕ್ತೀನಿ."

"ಒಬ್ಬರ ಕೈಲಿ ಆಗೋ ಕೆಲಸ ಅಲ್ಲ ಅದು, ಜಲಜಾ ಅವರೇ."

"ನೀವು ಇಷ್ಟು ವರ್ಷ ಒಬ್ಬರೇ ತಾನೇ ಮಾಡಿದ್ದು."

ಅವರೆಲ್ಲ ಇಳಿದು ಹೋದಮೇಲೆ ವೆಂಕಟಗಿರಿ ಲೋಟಗಳನ್ನು ತೊಳೆದು ಬೋರಲು ಹಾಕಿದರು. ಗುರುವಾಯೂರು ನೋಡುತ್ತೇನೆಂಬ ಸಂತೋಷ ಇದ್ದೇ ಇತ್ತು. ಅದಕ್ಕಿಂತ ಒಳಗೆ ಇನ್ನೊಂದು ಆಸೆಯಿತ್ತು, ಬಾಯಿಬಿಟ್ಟು ಯಾರಿಗೂ ಹೇಳಲಾಗದ್ದು. ತಾಯಿ ಹೋದಮೇಲೆ ಅವರು ಬಾಗಿಲು ತೆರೆದು ಒಳಗೆ ಬಂದರೆ ತಲೆಯೆತ್ತಿ ನೋಡುವವರು ಇರಲಿಲ್ಲ. ದಿನಗಟ್ಟಲೆ ಯಾರ ಕಣ್ಣಿಗೂ ಬೀಳದೆ ಬದುಕಿದಂತೆ ಅನಿಸುತ್ತಿತ್ತು. ವಿಮಾನ ಹಾದುಹೋಗುವ ಆ ಗಳಿಗೆಯಲ್ಲಿ, ಟವಲು ಬೀಸುವಾಗ, ಹಾಗೆ ಅನಿಸುತ್ತಿರಲಿಲ್ಲ. ಮೇಲಿನಿಂದ ಒಬ್ಬರಾದರೂ ತನ್ನನ್ನು ನೋಡುತ್ತಿದ್ದಾರೆ. ಗುಡಿಗೆ ಹೋಗುವುದೂ ಬರೀ ದೇವರನ್ನು ನೋಡುವುದಕ್ಕಲ್ಲವಲ್ಲ, ದೇವರ ಕಣ್ಣಿಗೆ ಬೀಳುವುದಕ್ಕೂ ಹೌದು. ಈಗ ಗೆಳೆಯರು ಮೇಲಿನಿಂದ ಕಂಡದ್ದನ್ನು ತಾನೂ ಕಾಣಬೇಕು. ಅಷ್ಟೆತ್ತರದಿಂದ ತನ್ನ ಮನೆ, ತನ್ನ ಮಹಡಿ, ತಾನು ನಿಲ್ಲುತ್ತಿದ್ದ ಜಾಗ ಹೇಗಿರುತ್ತದೆಂದು ಒಮ್ಮೆ ನೋಡಿಬಿಟ್ಟರೆ ಸಾಕು.

ಬುಧವಾರ ಬೆಳಿಗ್ಗೆ ಬೀಗದ ಕೈ ಕೊಡಲು ಹೋದಾಗ ಮುನಿತಾಯಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದಳು. "ಏನ್ ಸ್ವಾಮಿ, ಆಷಾಢದಾಗೆ ಯಾರಾದ್ರೂ ಮೊದಲ್ನೇ ಕಿತ ಇಮಾನ ಹತ್ತಾರಾ? ಗಾಳಿ ನೋಡಿ ಹೆಂಗೆ ಬೀಸ್ತೈತೆ."

"ದೇವರ ದರ್ಶನಕ್ಕಲ್ವಾ ತಾಯಿ, ಆಷಾಢ ಏನೂ ಮಾಡಲ್ಲ. ಜಲಜಾ ಅವರು ಬಂದ್ರೆ ಕೀ ಕೊಡಿ."

ಗಾಳಿ ನಿಜಕ್ಕೂ ಜೋರಾಗಿತ್ತು. ಮೆಜೆಸ್ಟಿಕ್‌ನಲ್ಲಿ ಏರ್‌ಪೋರ್ಟ್ ಬಸ್ಸು ಹತ್ತುವಾಗ ಪಂಚೆಯನ್ನು ಒಂದು ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು.

ವಿಮಾನದಲ್ಲಿ ಪಕ್ಕದ ಸೀಟಿನವನು ಕೂತ ಕೂಡಲೇ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ. ವೆಂಕಟಗಿರಿಗೆ ಅವನನ್ನು ಎಬ್ಬಿಸಿ ಹೇಳಬೇಕೆನಿಸಿತು, ಇದು ನನ್ನ ಮೊದಲ ಸಲ, ಈ ಎಂಜಿನ್ನಿನ ಸದ್ದು ನನಗೆ ಕೆಳಗಿನಿಂದ ಎಷ್ಟು ಗೊತ್ತು ಎಂದು. ಹೇಳಲಿಲ್ಲ. ನೆಲ ಓಡಿತು, ಬಿಟ್ಟುಕೊಟ್ಟಿತು. ಹೊಟ್ಟೆ ಒಮ್ಮೆ ಕೆಳಗೇ ಉಳಿದಂತಾಗಿ ಮತ್ತೆ ಬಂದು ಸೇರಿತು. ಅವರು ತಾಯಿಯನ್ನು ನೆನೆದು ಹಣೆಯನ್ನು ಗಾಜಿಗೆ ಒತ್ತಿದರು.

ಮೋಡ. ಮೋಡದ ಮೇಲೆ ಮೋಡ. ಇನ್ನೇನು ಊರು ದಾಟಿಯೇ ಹೋಗುತ್ತದೆ ಎಂದು ಜೀವ ಹಿಡಿಯಾಗಿರುವಾಗ ಬಲಗಡೆ ಪರದೆ ಸರಿಸಿದ ಹಾಗೆ ಮೋಡ ಸರಿಯಿತು. ಕೆಳಗೆ ಬೆಂಗಳೂರಿತ್ತು.

ಮೊದಲು ಮೆಟ್ರೋ ಹಳಿ ಹುಡುಕಬೇಕು, ಅದನ್ನು ಹಿಡಿದು ವಿಜಯನಗರಕ್ಕೆ ಬರಬೇಕು, ಅಲ್ಲಿಂದ ಮಾಗಡಿ ರಸ್ತೆಯ ಕಡೆ ತಿರುಗಬೇಕು ಎಂದೆಲ್ಲ ಲೆಕ್ಕ ಹಾಕಿಟ್ಟುಕೊಂಡಿದ್ದರು. ಹಳಿ ಸಿಗಲಿಲ್ಲ. ಬೂದಿ ಹರಡಿ ಅದರ ಮೇಲೆ ಎಳ್ಳು ಚೆಲ್ಲಿದ ಹಾಗೆ ಮನೆಗಳು. ದಾರದೆಳೆಯಂಥದ್ದೊಂದು ಕಂಡಿತು, ಅದು ಮಾಗಡಿ ರಸ್ತೆಯೋ ಮೈಸೂರು ರಸ್ತೆಯೋ ತಿಳಿಯುವ ಮೊದಲೇ ಜಾರಿತು. ಕೆಂಪು ಎಲ್ಲಿ? ಕೆಂಪೆಂಬುದೇ ಇರಲಿಲ್ಲ. ಅಷ್ಟೆತ್ತರದಲ್ಲಿ ಬಣ್ಣಗಳೆಲ್ಲ ಒಂದೇ ಆಗಿಬಿಟ್ಟಿದ್ದವು. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿದರು. ಆ ಬೂದಿಯಲ್ಲಿ ಒಂದು ಬಟ್ಟೆ ಕಾಣುವುದಂತಿರಲಿ, ಒಂದು ಬೀದಿಯೂ ಕಾಣುತ್ತಿರಲಿಲ್ಲ.

ತಲೆಯ ಮೇಲೆ ಹೋಗುವ ಒಂದೊಂದು ವಿಮಾನದ ಎತ್ತರವನ್ನೂ ಅವರು ಬಾಯಿಪಾಠವಾಗಿ ಹೇಳಬಲ್ಲವರು. ಆ ಎತ್ತರದಿಂದ ತಿರುಗಿ ಕೆಳಗೆ ನೋಡಿದರೆ ಏನಾಗುತ್ತದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ನಮಗೆ ಅವರು ಕಂಡಮೇಲೆ ಅವರಿಗೆ ನಾವು ಕಾಣದೆ ಇರುತ್ತೇವೆಯೇ ಎಂದು ನಂಬಿ ಕೂತಿದ್ದರು.

ಮೋಡ ಮತ್ತೆ ಮುಚ್ಚಿತು. ಆಗ ಅವರಿಗೆ ಕುಂಕುಮದ ಬೊಟ್ಟು ನೆನಪಾಯಿತು, ಜಲಜಾ ಕಂಡ ಟವಲು ನೆನಪಾಯಿತು. ಅಷ್ಟು ವರ್ಷ ಬಿಸಿಲಲ್ಲಿ ನಿಂತು ಬೀಸಿದ್ದು ಯಾರಿಗೂ ಕಂಡಿರಲಿಲ್ಲ. ಒಬ್ಬರಿಗೂ. ತಮಾಷೆ ಮಾಡಿದರೆ? ಅಲ್ಲ, ಅವರು ಅಂಥವರಲ್ಲ. ಕರುಣೆಯೇ ಇರಬೇಕು. ತಮಾಷೆಯಾಗಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

"ನೀರು ಬೇಕಾ ಸಾರ್?" ಎಂದು ಗಗನಸಖಿ ಕೇಳಿದಳು. ಅವರು ಬೇಡವೆಂದು ಕೈಯಾಡಿಸಿದರು.

ಕೊಚ್ಚಿಯಲ್ಲಿ ಇಳಿದಾಗ ಮಳೆ ಹನಿಯುತ್ತಿತ್ತು. ಸುತ್ತಲೂ ಹೆಸರು ಬರೆದ ಹಲಗೆ ಹಿಡಿದವರು, ತಬ್ಬಿಕೊಳ್ಳುವವರು. ಅವರನ್ನು ದಾಟಿ ಬಸ್ಸು ನಿಲ್ಲುವ ಕಡೆ ಬಂದು ಒಂದು ಕಂಬಕ್ಕೆ ಒರಗಿ ನಿಂತರು. ಫೋನು ಮಾಡಬೇಕಾಗಿತ್ತು, ಅದು ಪದ್ಧತಿ. ಏನು ಹೇಳುವುದು? ಆ ಹೆಂಗಸು ರಜೆ ಹಾಕಿ, ಆಷಾಢದ ಗಾಳಿಯಲ್ಲಿ ಇಟ್ಟಿಗೆ ಹೊತ್ತು ಬಟ್ಟೆ ಹಾಸಿರುತ್ತಾಳೆ. ಕಾಣಲಿಲ್ಲವೆಂದರೆ ಅವಳ ಶ್ರಮಕ್ಕೆ ಬೆಲೆಯೇನು? ಅಷ್ಟೇ ಅಲ್ಲ, ಅಲ್ಲಿಗೆ ಎಲ್ಲರ ಮಾತೂ ಸುಳ್ಳಾಗುತ್ತದೆ, ಆಮೇಲೆ ಯಾವ ಮುಖ ಹೊತ್ತು ಭಾನುವಾರ ಆ ಮಹಡಿ ಹತ್ತಿ ಬರುತ್ತಾರೆ? ಅವರು ಬರದಿದ್ದರೆ ತನಗೆ ಉಳಿಯುವುದೇನು?

ಯೋಚನೆ ಮುಗಿಯುವ ಮೊದಲೇ ಫೋನು ಬಂತು.

"ಇಳಿದ್ರಾ ಸಾರ್?" ಎಂದಳು ಜಲಜಾ. "ಭಯ ಆಯ್ತಾ?"

"ಇಲ್ಲಮ್ಮ. ಚೆನ್ನಾಗಿತ್ತು."

"ಮತ್ತೆ..." ಎಂದು ಅವಳು ತಡೆದಳು. "ಕಾಣಿಸ್ತಾ?"

"ಕಾಣಿಸ್ತು," ಎಂದರು ವೆಂಕಟಗಿರಿ. "ಮೋಡ ಸರಿದು ಚೆನ್ನಾಗಿ ಕಾಣಿಸ್ತು. ಕೆಂಪಗೆ, ಅಷ್ಟಗಲ ಹಾಸಿದ್ದು."

ಫೋನಿನಲ್ಲಿ ಗಾಳಿಯ ಸದ್ದು ಮಾತ್ರ ಕೇಳುತ್ತಿತ್ತು.

"ಸಾರ್," ಎಂದಳು ಜಲಜಾ ಮೆಲ್ಲಗೆ. "ನನ್ನ ಕೈಲಿ ಹಾಸಕ್ಕೇ ಆಗ್ಲಿಲ್ಲ. ಬಿಡಿಸಿದ್ರೆ ಪಟದ ಹಾಗೆ ಏಳ್ತಾ ಇತ್ತು. ಒಂದು ಸಲ ಮುನಿತಾಯಮ್ಮನ ಟ್ಯಾಂಕ್ ಮೇಲೇ ಹೋಗಿ ಬಿತ್ತು. ಕೊನೆಗೆ ಮಡಚಿ ಅದರ ಮೇಲೆ ನಾನೇ ಕೂತಿದ್ದೆ."

ವೆಂಕಟಗಿರಿಗೆ ಕಿವಿ ಬಿಸಿಯಾಯಿತು. ಎದುರಿಗೆ ಒಂದು ಬಸ್ಸು ಬಂದು ನಿಂತಿತು, ಜನ ಹತ್ತಿದರು. ಅವರು ಕಂಬ ಬಿಟ್ಟು ಅಲುಗಲಿಲ್ಲ.

"ಟವಲ್ ಕಾಣಿಸ್ತು ಅಂದಿದ್ರಿ ನೀವು," ಎಂದರು ಕೊನೆಗೆ. "ಸಂಕ್ರಾಂತೀಲಿ."

"ಹ್ಞೂ. ಅಂದಿದ್ದೆ."

ಕಂಡಕ್ಟರ್ ಮಲಯಾಳದಲ್ಲಿ ಏನೋ ಕೂಗಿ ಬಾಗಿಲು ಬಡಿದ, ಬಸ್ಸು ಹೊರಟುಹೋಯಿತು. ಗಾಳಿಯ ಸದ್ದು ಇನ್ನೂ ಕೇಳುತ್ತಲೇ ಇತ್ತು.

"ನೀವು ಇನ್ನೂ ಮಹಡಿ ಮೇಲೇ ಇದೀರಾ?"

"ಇದೀನಿ. ಫೋನಲ್ಲಿ ನೋಡ್ತಾ ಇದ್ದೆ, ನಿಮ್ಮ ಪ್ಲೇನು ಇಳಿಯೋ ತನಕ. ಇಳಿದ ಮೇಲೂ ಎದ್ದು ಹೋಗಕ್ಕೆ ಮನಸ್ಸಾಗ್ಲಿಲ್ಲ." ಅವಳು ಗಂಟಲು ಸರಿಮಾಡಿಕೊಂಡಳು. "ನಿಜವಾಗ್ಲೂ ಏನು ಕಾಣಿಸ್ತು ಹೇಳಿ ಸಾರ್. ನಾನು ಅವತ್ತು ಕಣ್ಣು ಬಿಟ್ಟು ನೋಡ್ಲೇ ಇಲ್ಲ. ನನಗೆ ಎತ್ತರ ಅಂದ್ರೆ ಭಯ."

ವೆಂಕಟಗಿರಿ ಹೇಳಿದರು. ಮೋಡದ ಮೇಲೆ ಮೋಡ ಇದ್ದದ್ದು, ಅದು ಸರಿದದ್ದು, ಬೂದಿ, ಎಳ್ಳು, ದಾರದೆಳೆ. ತನ್ನ ಮನೆ ಅದರಲ್ಲಿ ಎಲ್ಲೋ ಇತ್ತು, ಎಲ್ಲೆಂದು ತಿಳಿಯಲಿಲ್ಲ ಎಂದರು. ಅಷ್ಟು ದೀರ್ಘವಾಗಿ ಅವರು ಈಚೆಗೆ ಯಾರ ಹತ್ತಿರವೂ ಮಾತಾಡಿರಲಿಲ್ಲ. ಅವಳು ನಡುವೆ ಹ್ಞೂಗುಟ್ಟುತ್ತಾ ಕೇಳಿದಳು.

"ಭಾನುವಾರ ಮಧು ಕೇಳ್ತಾರಲ್ಲ," ಎಂದಳು ಕೊನೆಗೆ. "ಏನಂತೀರಿ?"

ಮಳೆ ಸ್ವಲ್ಪ ಜೋರಾಯಿತು. ವೆಂಕಟಗಿರಿ ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿದರು.

"ಕಾಣಿಸ್ತು ಅಂತೀನಿ."

"ಹಾಗೇ ಅನ್ನಿ," ಎಂದಳು ಜಲಜಾ. "ಊಟ ಮಾಡ್ಕೊಂಡು ಬಸ್ ಹತ್ತಿ ಸಾರ್, ದೂರ ಇದೆ."

ಫೋನು ಕಿಸೆಗೆ ಹಾಕಿ ಅವರು ಮುಂದಿನ ಬಸ್ಸಿಗೆ ಕಾದರು. ಬಂದಾಗ ಒಳಗೆ ಹೋಗಿ ಖಾಲಿಯಿದ್ದ ಸೀಟಿನಲ್ಲಿ ಕೂತರು. ಅದು ಯಾವ ಕಡೆಯದೆಂದು ನೋಡಲಿಲ್ಲ.