ಲೆಸ್ಲಿ "ಹೊಡಿ" ಅಂದಾಗ

ನಮ್ಮ ಬೀದಿಯಲ್ಲಿ ಯಾರೂ ಒಂಟಿಯಾಗಿ ಮನೆ ಕಟ್ಟಿದ್ದಿಲ್ಲ. ಶನಿವಾರ ಗಂಡಸರೆಲ್ಲ ಸುತ್ತಿಗೆ ಹಿಡಿದು ಬರೋದು, ಹೆಂಗಸರು ಚಹಾ, ಕೇಕು ತರೋದು, ಕತ್ತಲಾಗುವಷ್ಟರಲ್ಲಿ ಮರದ ಚೌಕಟ್ಟು ನಿಲ್ಲೋದು. ಟ್ರಾಮ್ ಹಳಿ ಮುಗಿಯುವಲ್ಲಿ ಕಾಡು ಕಡಿದು ನೆಲೆಸಿದವರು ನಾವು, ಇನ್ಯಾರು ಬರ್ತಾರೆ ನಮಗೆ?

ಆ ಶನಿವಾರ ಲೆಸ್ಲಿ ಟ್ರೆವೆನಾನ ಸರದಿ. ಯುದ್ಧದಿಂದ ಬಂದವನು, ಹೆಂಡತಿ ಐವಿ ಜೊತೆ ಡೇರೆಯಲ್ಲಿದ್ದ. ಅವಳಿಗೆ ದಿನ ತುಂಬಿತ್ತು. "ಮಗು ಈ ಚಳೀಲಿ ಡೇರೆಯೊಳಗೆ ಹುಟ್ಟಬಾರದು ಹೆಸ್ಟರಕ್ಕ, ಇಷ್ಟೇ ನನ್ನಾಸೆ" ಅಂತ ನನ್ನ ಕೈ ಹಿಡಿದಿದ್ದಳು.

ಬೀದಿಗೆ ಬೀದಿಯೇ ಬಂತು. ಎಲ್ಲರೂ ಒಟ್ಟಿಗೇ ಮೊಳೆ ಹೊಡೆಯೋಕೆ ಶುರು ಮಾಡಿದರು. ಧಡ ಧಡ ಧಡ! ಲೆಸ್ಲಿ ತಲೆ ಮುಚ್ಚಿಕೊಂಡು ನೆಲಕ್ಕೆ ಬಿದ್ದ, ಎದ್ದವನೇ ಕಾಡಿನ ಕಡೆ ಓಡಿದ. ಅಯ್ಯೋ, ಉಪಕಾರ ಮಾಡುವ ಉಮೇದಿನಲ್ಲಿ ಆ ಸದ್ದು ಅವನಿಗೆ ಏನಾಗಿ ಕೇಳುತ್ತೆ ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ.

"ಹೋಗ್ಲಿ ಬಿಡಿ, ಅವನು ಬರೋದ್ರೊಳಗೆ ಮುಗಿಸಿಬಿಡೋಣ" ಅಂದರು ನನ್ನ ಗಂಡ ಪರ್ಸಿ.

ನನಗೆ ಮೈ ಉರಿದುಹೋಯ್ತು. "ರೀ, ನಿಮಗೆ ತಲೆ ನೆಟ್ಟಗಿದೆಯಾ? ತನ್ನ ಮನೆ ಏಳುವಾಗ ಅವನು ಪೊದೆಯಲ್ಲಿ ಅಡಗಿರಬೇಕಾ? ಆಮೇಲೆ ಯಾವ ಮುಖ ಹೊತ್ತು ಒಳಗೆ ಬರ್ತಾನೆ?"

ಐವಿಯೇ ಹೋಗಿ ಕರೆತಂದಳು. ಲೆಸ್ಲಿ ತಲೆ ಎತ್ತಲಿಲ್ಲ. "ಸದ್ದು ಹೇಗೋ ತಡ್ಕೋತೀನಿ. ಯಾವಾಗ ಬರುತ್ತೆ ಅಂತ ಗೊತ್ತಿಲ್ದೆ ಇದ್ರೆ ಮಾತ್ರ ಆಗಲ್ಲ" ಅಂದ.

ಪರ್ಸಿ ಮೊಳೆ ಇಟ್ಟು, ಸುತ್ತಿಗೆ ಎತ್ತಿ, ಹಾಗೇ ನಿಂತರು. "ನೀನೇ ಹೇಳಪ್ಪ, ಯಾವಾಗ ಹೊಡೀಲಿ?"

ಲೆಸ್ಲಿ ಆ ಮೊಳೆಯ ಮೇಲೆ ಕಣ್ಣು ನೆಟ್ಟ. ಆಮೇಲೆ ಮೆಲ್ಲಗೆ, "ಹೊಡಿ."

ಒಂದೇ ಏಟು. ಅವನ ಮೈ ಅದುರಿತು, ಓಡಲಿಲ್ಲ. "ಹೊಡಿ."

ಉಳಿದವರೂ ಅವನ ಬಾಯಿ ನೋಡಿಕೊಂಡೇ ಹೊಡೆದರು. "ಹೀಗಾದ್ರೆ ಕ್ರಿಸ್‌ಮಸ್‌ಗೆ ಗೋಡೆ ಏಳುತ್ತೆ" ಅಂತ ಗೊಣಗಿದ ಹಾಲು ಮಾರುವ ವಾಲಿ. "ಬಾಯ್ಮುಚ್ಕೊಂಡು ಮೊಳೆ ಹಿಡಿ" ಅಂದೆ.

ಕತ್ತಲಾದರೂ ಅರ್ಧವೂ ಮುಗಿಯಲಿಲ್ಲ. ಭಾನುವಾರ ಕೆಲಸ ಮುಟ್ಟದ ಜನ ನಾವು. ಆದರೂ ಮರುದಿನ ಪ್ರಾರ್ಥನೆ ಮುಗಿಸಿ ಎಲ್ಲರೂ ಒಳ್ಳೆ ಬಟ್ಟೆಯಲ್ಲೇ ನೆಟ್ಟಗೆ ಅಲ್ಲಿಗೆ ಬಂದರು. ಒಂದು ಕೋಣೆಗಾದರೂ ತಗಡು ಹೊದಿಸಬೇಕಿತ್ತು. ಲೆಸ್ಲಿ ಒಂದೊಂದೇ ಏಟಿಗೆ ಅಪ್ಪಣೆ ಕೊಡುತ್ತಿದ್ದಾಗ ಡೇರೆಯೊಳಗಿಂದ ಐವಿ ಚೀರಿದಳು. ನೋವು ಶುರುವಾಗಿತ್ತು.

ಲೆಸ್ಲಿ ಡೇರೆ ಕಡೆ ನೋಡಿದ, ಸೂರಿನ ಕಡೆ ನೋಡಿದ. ಇನ್ನೂ ಎಷ್ಟೋ ತಗಡು ಬಾಕಿ.

"ನನ್ನ ಕೇಳ್ಬೇಡಿ!" ಅಂತ ಕೂಗಿದ. "ಎಲ್ಲರೂ ಒಟ್ಟಿಗೇ ಹೊಡೀರಿ! ಜೋರಾಗಿ ಹೊಡೀರಿ!"

ಹೊಡೆದರು ನೋಡಿ, ಬೀದಿಯೇ ನಡುಗುವ ಹಾಗೆ. ಗಡಗಡ ನಡುಗುತ್ತಾ, ಕಣ್ಣೀರು ಸುರಿಸುತ್ತಾ ಲೆಸ್ಲಿ ಏಣಿಯನ್ನು ಅವುಚಿ ಹಿಡಿದು ನಿಂತೇ ಇದ್ದ. ಕೊನೆಯ ತಗಡು ಕೂತ ಕೂಡಲೇ ನಾನೂ ಅಳುತ್ತಲೇ ಐವಿಯನ್ನು ಆ ಸೂರಿನ ಕೆಳಗೆ ಕರೆದುಕೊಂಡು ಹೋದೆ.