ಯಂಕವ್ವ ಹೊಲಿಸಿದ ಬೋಟಿನ ಕವರು

"ಅಜ್ಜೀ, ನೀ ದಿನಾ ಭಂಡಾರ ಹಚ್ಚಿ ಕೈ ಮುಗಿಯೋ ದೇವರು ಬೀಳಗಿ ಹಿನ್ನೀರಿನ ದಂಡಿಗೆ ಒಂದ ಬೋರ್ಡಿನ ಮ್ಯಾಲ ಅದಾನ ನೋಡು!"

ಮೊಮ್ಮಗಳು ಸಂಧ್ಯಾ ಹಿಂಗ ಅಂದಾಗ ಯಂಕವ್ವ ಹುನ್ನೂರಿನ ತನ್ನ ಅಂಗಳದಾಗ ಕೂತು ತಬ್ಬಲಿ ಮರಿಗೆ ಬಾಟ್ಲಿ ಹಾಲು ಕುಡಸಾಕತ್ತಿದ್ಲು. ದೇವರ ವಿಷಯದಾಗ ಚ್ಯಾಷ್ಟಿ ಮಾಡಿದ್ರ ಆಕಿಗೆ ಆಗಿಬರೂದಿಲ್ಲ. "ಮೊದಲ ಬಾಯಿ ತೊಳ್ಕೊ ಹೋಗು," ಅಂದ್ಲು.

"ಖರೇನ ಬೇ ಅಜ್ಜಿ," ಅಂತ ಸಂಧ್ಯಾ ಮೊಬೈಲ್ ಮಾರಿಗೆ ಹಿಡದ್ಲು. ಜಮಖಂಡ್ಯಾಗ ಬ್ಯಾಂಕಿನ್ಯಾಗ ನೌಕರಿ ಮಾಡೋ ಹುಡುಗಿ, ಐತವಾರ ಜೋಡಿನವರ ಸಂಗಾಟ ಹಿನ್ನೀರಿಗೆ ಬೋಟಿನ ಆಟ ನೋಡಾಕ ಹೋಗಿದ್ಲು. ಅಲ್ಲಿ ಕಾಲಿಗೆ ಹಲಗಿ ಕಟ್ಟಿಕೊಂಡು, ಓಡೋ ಬೋಟಿನ ಹಗ್ಗ ಹಿಡಕೊಂಡು ಮಂದಿ ನೀರಿನ ಮ್ಯಾಲ ಜಾರತಾರ. ಅದಕ್ಕ ಸ್ಕೀ ಅಂತಾರಂತ, ಎಳಿಯೋದಕ್ಕ ಸ್ಕೀ ಬೋಟ್ ಅಂತಾರಂತ. ಬೋರ್ಡಿನ ಮ್ಯಾಲ ಅದರದ ಚಿತ್ರ. ಒಬ್ಬಾವ ಹಗ್ಗ ಹಿಡದು, ಹಿಂದಕ್ಕ ವಾಲಿ, ನೀರಿನ ಮ್ಯಾಲ ಸೆಟದ ನಿಂತಾನ.

ಯಂಕವ್ವ ಕುರಿಮರಿ ಗೂಡಿನ ಕಡೆ ನೋಡಿದ್ಲು. ಗೂಡಿನ ಮ್ಯಾಲ ಹೊಚ್ಚಿದ ನೀಲಿ ಅರಿವಿ ಮ್ಯಾಲೂ ಅವನ ಅದಾನ. ಹಣಿ ತುಂಬ ಅರಿಷಿಣದ ಭಂಡಾರ ಬಡಕೊಂಡ ನಿಂತಾನ.

ನಗಬ್ಯಾಡ್ರಿ. ನೀವಿದ್ರೂ ಇದನ್ನ ಮಾಡತಿದ್ರಿ. ಎರಡು ವರ್ಷದ ಹಿಂದ ಹೊಳಿ ತುಂಬಿ ಬಂದಾಗ ಯಂಕವ್ವನ ಮನ್ಯಾವರು ಕೃಷ್ಣಾ ದಂಡಿ ಹೊಲದಾಗ ಕುರಿ ತರಬಿ ಬೀಡು ಬಿಟ್ಟಿದ್ರು. ಗಂಡಸರು ದೊಡ್ಡ ಕುರಿ ಹೊಡಕೊಂಡು ಎತ್ತರಕ್ಕ ಹೋದ್ರು. ಹೆಂಗಸರು, ಹುಡುಗರು, ಎಳೇ ಮರಿ ಹಿಂದ ಉಳದ್ವು. ಬೆಳಗಾಗೂದ್ರಾಗ ನಾಕೂ ಕಡೆ ನೀರು. ಆಗ ಒಬ್ಬ ಹುಡುಗ ಬಿಳಿ ಬೋಟ್ ತಗೊಂಡ ಬಂದ. ನಾಕ ಖೇಪು ಹೊಡದ. ಎಂಟು ದಿನದ ಹಸಿಗೂಸಿನಿಂದ ಹಿಡದು ಹನ್ನೊಂದು ಮರಿತನಕಾ ಎಲ್ಲಾನೂ ಎತ್ತಿ ಒಂದ ದಿಬ್ಬದ ಮ್ಯಾಲ ಇಳಿಸಿದ. ಮ್ಯಾಲಿಂದ ಮಳಿ ಧೋ ಅಂತ ಹೊಡ್ಯಾಕತ್ತಿತ್ತು. ಬೋಟಿನ್ಯಾಗಿಂದ ಒಂದ ದಪ್ಪ ನೀಲಿ ಅರಿವಿ ಎಳದ, ಗಿಡಕ್ಕ ಕಟ್ಟಿ ಅವರ ಮ್ಯಾಲ ಹೊಚ್ಚಿದ. "ಇನ್ನೂ ಮಂದಿ ಅದಾರಬೇ, ಬರ್ತೇನಿ," ಅಂದವನ ಹೋಗೇ ಬಿಟ್ಟ. ಹೆಸರು ಕೇಳೂ ಎಚ್ಚರ ಯಾರಿಗಿತ್ತು? ಮೂರು ದಿನ ಆ ಅರಿವಿ ಕೆಳಗ ಕೂಸೂ ಉಳೀತು, ಮರೀನೂ ಉಳದ್ವು.

ಸರಕಾರ ಕೊಟ್ಟ ತಾಡಪತ್ರಿ ಅಂತ ಎಲ್ಲಾರೂ ತಿಳಕೊಂಡ್ರು. ಮನಿಗೆ ತಂದು ಕೊಯ್ದು ಹಂಚಿಕೊಂಡ್ರು. ಒಂದ ತುಂಡು ಬಣವಿಗೆ, ಒಂದು ಮೈದುನನ ಜೀಪಿಗೆ. ಚಿತ್ರ ಇದ್ದ ತುಂಡು ಯಂಕವ್ವ ಯಾರಿಗೂ ಕೊಡಲಿಲ್ಲ. ಜೀವ ಉಳಿಸಿದ ಅರಿವಿ ಮ್ಯಾಲ ನೀರಿನ್ಯಾಗ ನಿಂತ ಆಕಾರ ಐತಿ ಅಂದ ಮ್ಯಾಲ ಅದು ಕುರಿ ಕಾಯೋ ದೇವರು ಬೀರಪ್ಪ ಅಲ್ಲದ ಮತ್ಯಾರು ಅಂತ ಆಕಿ ಲೆಕ್ಕ.

ಸಂಧ್ಯಾನ ಸುದ್ದಿ ಅಷ್ಟಕ್ಕ ಮುಗೀಲಿಲ್ಲ. ಅಲ್ಲಿ ಬಂದವರಿಗೆ ತೇಲೋ ಜಾಕೀಟು ಕಟ್ಟಾಕ ಅಜಯ ಅಂತ ಒಬ್ಬಾವ ಅದಾನಂತ. ಮೊದಲ ಆ ಸ್ಕೀ ಬೋಟ್ ಹೊಡಿಯಾಂವ ಅವನ. ಬೋಟಿಗೆ ಹೊಚ್ಚೋ, ಇದ ಚಿತ್ರ ಇದ್ದ ನೀಲಿ ಕವರು ಹೊಳಿ ಬಂದಾಗ ನೀರು ಪಾಲಾತು ಅಂತ ಹೇಳಿದ. ಅವನ ಜೋಡಿ ಕೆಲಸದವರು, ಮಾರಿಕೊಂಡಾನ ಅಂತ ಬೋಟಿನ ಸಾವಕಾರನ ಕಿವಿ ಊದಿದ್ರು. ಸಾವಕಾರ ಚನಮಲ್ಲಪ್ಪ ಅವನ ಕೈಯಾಗಿನ ಬೋಟಿನ ಚಾವಿ ಕಸಕೊಂಡ. ಹೊಸಾ ಕವರೂ ತರಸಲಿಲ್ಲ. ಬಿಸಿಲಿಗೆ ಸೀಟು ಸೀಳಿದ್ದು ನೋಡಿ ನೋಡಿ ಅಜಯ ನಾಚಕೋಬೇಕಂತ. ಹಟಮಾರಿ ಮನಷ್ಯಾ ನೋಡ್ರಿ, ತನ್ನ ಬೋಟ್ ತಾನ ಹಾಳ ಮಾಡಿಕೊಂಡ ಕೂತಿದ್ದ.

"ಕಳ್ಳಿ ನಾ ಆದ್ನಲ್ಲೋ ಬೀರಪ್ಪಾ!" ಯಂಕವ್ವ ಹಣಿ ಹಣಿ ಬಡಕೊಂಡ್ಲು. ಆವತ್ತ ಆಕಿಗೆ ರೊಟ್ಟಿ ಇಳೀಲಿಲ್ಲ. ನಮ್ಮ ಮ್ಯಾಲ ಹೊಚ್ಚಿ ಹೋದವ ಕಳ್ಳ ಅನಿಸಿಕೊಂಡ, ನಾವು ಅವನ ಅರಿವಿ ಹಂಚಿಕೊಂಡು ಬೆಚ್ಚಗ ಇದ್ವಿ. ಬರಿಗೈಲೆ ಹೋಗಿ ತಪ್ಪಾತು ಅಂದ್ರ ಏನ ಬಂತು? ಕವರು ಹೊಲಿಸಿ ಒಯ್ಯಬೇಕು, ಸಾವಕಾರನ ಮುಂದ ಖರೆ ಹೇಳಬೇಕು, ಆ ಹುಡುಗನ ಚಾವಿ ಅವನ ಕೈಗೆ ವಾಪಸ್ ಕೊಡಸಬೇಕು. ಒಂದ ಟಗರು ಮಾರಿದ್ಲು. ಮಾರನೇ ದಿನ ಮಹಾಲಿಂಗಪುರದ ಬಸ್ ಹತ್ತಿದ್ಲು.

ಮಹಾಲಿಂಗಪುರ ಬಸ್‌ಸ್ಟ್ಯಾಂಡಿನ ಹಿಂದ ಪೂನಮ್ ಅಂಗಡಿ. ರಬಕವಿ ನೇಕಾರರ ಮನಿ ಮಗಳು. ಈಗ ಟ್ರ್ಯಾಕ್ಟರ್ ಟಪ್ಪು, ಜೀಪಿನ ಹುಡ್ಡು ಹೊಲಿತಾಳ. "ಬೋಟಿಗೆ ಅಂಗಿ ಹೊಲಿಬೇಕವ್ವಾ," ಅಂತ ಯಂಕವ್ವ ಅಂದಾಗ ಪೂನಮ್ ಹೊಲಿಗಿ ಮಿಷನ್ ನಿಲ್ಲಿಸಿ ಆಕಿ ಮಾರಿ ನೋಡಿದ್ಲು. ಪೂರಾ ಕತಿ ಕೇಳಿದ ಮ್ಯಾಲ ಎದ್ದು ಒಳಗ ಹೋಗಿ ಒಂದ ವಾಟಿ ಚಾ ತಂದ ಕೊಟ್ಲು. ಎಂಟು ದಿನದಾಗ ಪುಣೆದಿಂದ ಬಟ್ಟಿ ನಮೂನಿ ತರಿಸಿ ಮತ್ತ ಕರಸಿದ್ಲು.

ಮೂರು ನಮೂನಿ. ಮೊದಲನೇದು ಪ್ಲಾಸ್ಟಿಕ್ ತಾಡಪತ್ರಿ. ಯಂಕವ್ವ ಕಂಬಳಿ ಆರಿಸಿದಂಗ ಆರಿಸಿದ್ಲು. ಅರಿವಿ ಬಾಯಿಗೆ ಒತ್ತಿ ಹಿಡದು ಊದಿದ್ಲು, ಆಚೆ ಅಂಗೈ ಇಟ್ಲು. ಗಾಳಿ ಬರಲಿಲ್ಲ.

"ಇದು ಬ್ಯಾಡ. ಇದರ ಕೆಳಗ ಮರಿ ಹಾಕಿದ್ರ ಉಸರ ಕಟ್ಟತೈತಿ."

"ಇದು ಬೋಟಿಗೆ ಯವ್ವಾ, ಮರಿಗಲ್ಲ," ಅಂತ ಪೂನಮ್ ನಕ್ಲು.

"ನೀರಿನ್ಯಾಗ ಓಡಿ ಬಂದದ್ದು ಹಸಿ ಇರೂದಿಲ್ಲೇನು? ಹಸಿ ಮೈ ಮ್ಯಾಲ ಗಚ್ಚಾಗಿ ಮುಚ್ಚಿದ್ರ ಬೂಸ್ಟು ಹಿಡಿಯೂದಿಲ್ಲೇನು?"

ಪೂನಮ್ ನಗೂದು ಬಿಟ್ಲು. ಪುಣೆದಾವನೂ ಫೋನಿನ್ಯಾಗ ಇದನ್ನ ಹೇಳಿದ್ದ.

ಎರಡನೇದು ಹತ್ತಿ ಕ್ಯಾನ್ವಾಸು. ಊದಿದ್ರ ಉಸರಾಡತಿತ್ತು. ಆದ್ರ ಚರಿಗಿ ನೀರು ಸುರುವಿ ಚಾ ಕುಡದು ಮುಗಸೂದ್ರಾಗ ಕೆಳಗ ತಟಕ್ ತಟಕ್ ಹನಿ. ಮೂರನೇದು ಬೋಟಿಗಂತನ ನೇಯ್ದದ್ದು. ನೀರು ಸುರುವಿದ್ರ ಬಟ್ಟಲದಾಗ ನಿಂತಂಗ ನಿಂತತು, ಊದಿದ್ರ ಅಂಗೈಗೆ ತೆಳ್ಳಗ ಗಾಳಿ ತಾಗಿತು. ಪೂನಮ್ ಎಳಿ ಬಿಚ್ಚಿ ನೋಡಿ, "ನೇಯ್ಗಿ ಛಲೋ ಐತಿ. ಬಿಸಿಲಿಗೆ ತಡಿಯೋ ದಾರದಿಂದನ ಹೊಲಿತೇನಿ," ಅಂದ್ಲು.

"ಬಣ್ಣ?"

"ಕರೀದು," ಅಂದ್ಲು ಯಂಕವ್ವ, ಪೂನಮ್ ಕೇಳಿ ಮುಗಸೂದಕ್ಕಿಂತ ಮೊದಲ. ಬೀರಪ್ಪನ ಕಂಬಳಿ ಕರೀದು, ಮರ್ಯಾದಿ ಮಾಡೂದಾದ್ರ ಕರೀದ ಹೊಚ್ಚಬೇಕು. ಅಂದ ಮ್ಯಾಲ ನಮೂನಿ ಮತ್ತ ಕೈಗೆ ತಗೊಂಡ್ಲು. ಚೈತ್ರದ ಬಿಸಿಲಿಗೆ ಮೊದಲ ನೆರಳು ಹುಡಕೋದು ಕರೀ ಕುರಿ, ಇದು ಆಕಿಗೆ ಗೊತ್ತಿಲ್ಲದ ಮಾತಲ್ಲ. ಮೊದಲ ಆ ಬೋಟಿನ ಸೀಟು ಸೀಳಿದಾವು. "ತಡಿಯವ್ವಾ. ಮರ್ಯಾದಿ ನನ್ನ ಹೊಟ್ಟ್ಯಾಗ ಇರಲಿ. ಬೋಟಿಗೆ ತಂಪಾಗೋದು ಕೊಡು," ಅಂತ ತೆಳು ಬೂದಿ ಬಣ್ಣಕ್ಕ ಬೆರಳಿಟ್ಟು ತೋರಿಸಿದ್ಲು.

ಅಳತಿ ತಗೋಳಾಕ ಇಬ್ಬರೂ ಬೀಳಗಿಗೆ ಹೋದ್ರು. ಸಾವಕಾರ ಊರಾಗ ಇರಲಿಲ್ಲ. ಜಾಕೀಟು ಒಣಹಾಕಾಕತ್ತಿದ್ದ ಅಜಯ ಬಂದು ಟೇಪಿನ ಇನ್ನೊಂದು ತುದಿ ಹಿಡದ. ಯಂಕವ್ವ ಅವನ ಮಾರಿ ಕಂಡದ್ದ ತಡ ಗುರ್ತು ಹಿಡದ್ಲು. ಅವನ ಇವ. ಬಡಕಲಾಗಿದ್ದ. ಅವಗ ಈಕಿ ಗುರ್ತು ಹತ್ತಲಿಲ್ಲ. ಅವತ್ತ ಎಷ್ಟು ಮುದುಕೇರನ್ನ ಎತ್ತಿದ್ನೋ ಏನೋ.

ಯಾರ ಹೊಲಸಾಕತ್ತಾರ ಅಂತ ಕೇಳಿದ. ನಂದ ಹರಕಿ ಅಂದ್ಲು ಯಂಕವ್ವ. ಹುಚ್ಚ ಮುದುಕಿ ಅಂದುಕೊಂಡ್ನೋ ಏನೋ, ಆದ್ರೂ ಅಳತಿ ಮಾತ್ರ ಜೀವ ಕೊಟ್ಟು ತೋರಿಸಿದ. ಬೋಟಿನ ಮುಂದಿನ ಗಾಜಿನ ಮೂಲಿ ಎಲ್ಲಿ ಚುಚ್ಚತಾವು, ಅಲ್ಲಿ ಎರಡು ಪದರು ಬೇಕು. ನಟ್ಟ ನಡುವ ಹಗ್ಗ ಕಟ್ಟೋ ಕಂಬ ಐತಿ. "ಹಳೇ ಕವರಿನ್ಯಾಗ ಇದ ತ್ರಾಸು ಇತ್ರಿ. ಕಂಬ ತಗದು ಸಪಾಟಾಗಿ ಹಾಕತಿದ್ವಿ. ಮಳಿ ನೀರು ನಡುವ ನಿಂತು ಜೋಳಿಗಿ ಆಗಿಬಿಡತಿತ್ತು," ಅಂದ.

ಯಂಕವ್ವ ಹೆಗಲಮ್ಯಾಲಿನ ಕಂಬಳಿ ತಗದು, ಒಂದ ಮೂಲಿ ಒಳಗ ಮಡಿಚಿ, ಕೊಪ್ಪಿ ಮಾಡಿ ತಲಿಮ್ಯಾಲ ಹಾಕ್ಕೊಂಡ್ಲು. ಮಳ್ಯಾಗ ಕುರಿಯವರು ಹಾಕೋ ಕೊಪ್ಪಿ, ನೆತ್ತಿಗೆ ಚೂಪು, ಎರಡೂ ಕಡೆ ಇಳಿಜಾರು. "ನೆತ್ತಿ ಮ್ಯಾಲ ಎಲ್ಲೆರೆ ನೀರು ನಿಂತತೇನು ಹೇಳು? ಕಂಬ ಇರಲಿ ಬಿಡು. ಅದನ್ನ ತಲಿ ಮಾಡು."

"ಅಯ್ಯ ಶಿವನ, ಇದು ನನಗ ಹೊಳಿಲಿಲ್ಲಲ್ಲಾ!" ಅಂತ ಪೂನಮ್ ಚೀಟ್ಯಾಗ ಗೀರಾಕ ಹತ್ತಿದ್ಲು.

ಅಜಯ ಆ ಕೊಪ್ಪಿ ನೋಡಿ ಟೇಪು ಹಿಡದಲ್ಲೇ ನಿಂತ. "ಹೊಳಿ ಬಂದಾಗ ಒಬ್ಬ ಮುದಕವ್ವ ಹಿಂಗ ಹಾಕ್ಕೊಂಡು..." ಅಂದ.

"ನಾನ ಅಕಿ ಯಪ್ಪಾ."

ಅವ ಟೇಪು ಬಿಟ್ಟು ಆಕಿ ಹತ್ತರ ಬಂದ. "ಆ ಕೂಸು?" ಅಂದ.

"ಈಗ ಓಡಾಡತೈತಿ. ಕೋಳಿ ಬೆನ್ನ ಹತ್ತತೈತಿ."

ಅಜಯ ನಕ್ಕ. ಎರಡು ವರ್ಷದ ಭಾರ ಇಳದಂಗ ನಕ್ಕ. ಆದ್ರ ಯಂಕವ್ವ ಸಾವಕಾರನ ಮುಂದ ಹೇಳತೇನಿ ಅಂದದ್ದಕ್ಕ ಅವನ ನಗಿ ಹೋತು. "ಬ್ಯಾಡಬೇ. ಸುಳ್ಳು ಹೇಳಿದಾವ ನಾನು. ಹೊಳಿ ಪಾಲಾತು ಅಂತ ನಾನ ಹೇಳೀನಿ. ಹೆಂಗೋ ನಡದೈತಿ, ಬಿಡ್ರಿ."

"ಎಲ್ಲಿ ನಡದೈತಿ? ನಿನ್ನ ಮಾತು ನಾ ಕೇಳಾಂಗಿಲ್ಲ," ಅಂತ ಯಂಕವ್ವ ಬಸ್ ಹತ್ತಿದ್ಲು.

ಮೂರನೇ ವಾರ ಕವರು ತಗೊಂಡು ಮೂವರೂ ಹೋದ್ರು, ಸಂಧ್ಯಾನೂ ಜೋಡಿ. ಅಜಯ ಪೂನಮ್ ಕೂಡಿ ಹೊಚ್ಚಿದ್ರು. ನಡುವಿನ ಕಂಬದ ಮ್ಯಾಲ ಚೂಪಾಗಿ ನಿಂತು, ಎರಡೂ ಮಗ್ಗಲಿಗೆ ಇಳದು, ಅಂಚಿನ ಹಗ್ಗ ಎಳದ ಕೂಡಲೆ ಬರೋಬ್ಬರಿ ಮೈಗೆ ಕೂತತು. ಸಂಧ್ಯಾ ಒಂದ ಕೊಡ ನೀರು ಸುರುವಿದ್ಲು. ಒಂದ ಹನಿ ನಿಲ್ಲಲಿಲ್ಲ.

ಚನಮಲ್ಲಪ್ಪ ಬಂದ. ಕವರಿನ ಸುತ್ತ ಒಂದ ಸುತ್ತ ಬಂದು ಬೆರಳಿಲೆ ಹೊಲಿಗಿ ಮುಟ್ಟಿ ನೋಡಿದ. "ಯಾರದಿದು?"

ಯಂಕವ್ವ ಮುಂದ ಬಂದ್ಲು. ಕಂಕುಳಾಗಿನ ನೀಲಿ ತುಂಡು ಬಿಚ್ಚಿ ಅವನ ಮುಂದ ಹಾಸಿದ್ಲು, ಭಂಡಾರ ಹತ್ತಿದಂಗನ. "ನಿಮ್ಮ ಹಳೇ ಕವರು ಹೊಳಿ ಒಯ್ದಿಲ್ರಿ ಸಾವಕಾರ್ರ, ಇವನೂ ಮಾರಿಲ್ಲ. ನಾವು ಒಯ್ದೀವಿ. ಮಳ್ಯಾಗ ಈ ಹುಡುಗ ನಮ್ಮ ಮ್ಯಾಲ ಹೊಚ್ಚಿ ಹೋದ. ಸರಕಾರದ್ದು ಅಂತ ತಿಳಕೊಂಡು ಕೊಯ್ಕೊಂಡ್ವಿ. ಕಳ್ಳಿ ನಾನು. ಬಯ್ಯೂದಿದ್ರ ನನಗ ಬಯ್ರಿ, ಅವನ ಚಾವಿ ಅವಗ ಕೊಡ್ರಿ."

ಚನಮಲ್ಲಪ್ಪ ಆ ತುಂಡು ನೋಡಿದ. ಅಜಯನ ಕಡೆ ತಿರುಗಿದ. ಸಿಟ್ಟೋ ನಾಚಿಕಿಯೋ, ಮಾರಿ ಕೆಂಪಗಾಗಿತ್ತು. "ಮೂಳಾ, ಮತ್ತ ಅವತ್ತ ಯಾಕ ಹೇಳಲಿಲ್ಲೋ?"

"ಹೇಳಿದ್ರ ಹೋಗಿ ತಗೊಂಡ ಬಾ ಅಂತಿದ್ರಿ," ಅಂದ ಅಜಯ. "ಇನ್ನೂ ಮಳಿ ಬರಾಕತ್ತಿತ್ರಿ."

ಚನಮಲ್ಲಪ್ಪ ಖರೇನ ಹಂಗ ಅಂತಿದ್ದ. ಅದು ಅವಗೂ ಗೊತ್ತಿತ್ತು. ಆದ್ರೂ ಕೇಳಿದ, "ಮಳಿ ನಿಂತ ಮ್ಯಾಲೆರೆ ಹೋಗಿ ತರಬಾರದೇನು?"

"ಹೋಗಿದ್ನಿರಿ. ಮೂರನೇ ದಿನ, ನೀವು ಚಾವಿ ಕಸಕೊಂಡ ಮ್ಯಾಲ, ನಡಕೋತ ದಿಬ್ಬಕ್ಕ ಹೋಗಿದ್ನಿ." ಅಜಯ ನೆಲ ನೋಡಿಕೋತ ಹೇಳಿದ. "ಅದರ ಕೆಳಗ ಕೂಸು ಮಲಗಿತ್ತು. ಈ ಅವ್ವ ಕೊಪ್ಪಿ ಹಾಕ್ಕೊಂಡು ಅತ್ತಾಗ ಮಾರಿ ಮಾಡಿ ಒಲಿ ಊದಾಕತ್ತಿದ್ಲು. ಬಿಚ್ಚಾಕ ಕೈ ಬರಲಿಲ್ರಿ. ವಾಪಸ್ ಬಂದೆ."

ಯಂಕವ್ವಗ ಇದು ಗೊತ್ತಿರಲಿಲ್ಲ. ಬೆನ್ನ ಹಿಂದ ಬಂದು ನಿಂತು, ಒಂದ ಮಾತಾಡದ, ಕಳ್ಳ ಅನಿಸಿಕೊಳ್ಳಾಕ ತಿರುಗಿ ಹೋಗಿದ್ನಲ್ಲ ಈ ಹುಡುಗ. ಆಕಿ ಅಲ್ಲೇ ಕುಕ್ಕರ ಕೂತು, ಮಂದಿ ಅದಾರ ಅನ್ನೂದೂ ನೋಡದ, ಬಾಯಿ ಬಿಟ್ಟು ಅತ್ಲು. "ನಿನ್ನ ಋಣ ಏಳೇಳು ಜನ್ಮಕ್ಕೂ ತೀರಾಂಗಿಲ್ಲೋ ನನ್ನಪ್ಪಾ," ಅಂದ್ಲು.

ಚನಮಲ್ಲಪ್ಪ ಕಿಸೆದಾಗ ಕೈ ಹಾಕಿದ. ಚಾವಿ ತಗದು ಅಜಯನ ಮುಂದ ಹಿಡದ. ಅಜಯ ಒದ್ದಿ ಕೈ ಎರಡೂ ಪ್ಯಾಂಟಿಗೆ ಒರಸಿಕೊಂಡು ಅದನ್ನ ಇಸಕೊಂಡ.